‘ಪ್ರಸಂಗ’ವೆಂಬ ಶಬ್ದದ ಅರ್ಥವಿಚಾರ

ಪುರಾಣ ಪ್ರವಚನಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಶಬ್ದಗಳಲ್ಲಿ ‘ಪ್ರಸಂಗ’ವೂ ಒಂದು. ‘ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ’, ‘ನುಲಿಯ ಚಂದಯ್ಯನವರ ಪ್ರಸಂಗ’ ಎಂದು ಪ್ರವಚನಕಾರರು ಆರಂಭಿಸುತ್ತಾರೆ. ಕೇಳುವ ಭಕ್ತರು ತಲೆದೂಗುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳ ಮನೆಮಾತಿನಲ್ಲಿಯೂ ಈ ಶಬ್ದವು ಬಗೆಬಗೆಯಾಗಿ ಬಳಕೆಯಲ್ಲಿದೆ. ‘ಅಂಥ ಪ್ರಸಂಗ ಬಂದರೆ ನೋಡೋಣ’ ಎಂದು ಮನೆಯ ಯಜಮಾನನು ಹೇಳುವನು. ಅಲ್ಲಿ ಅದು ‘ಸಮಯ’ವೆಂಬ ಅರ್ಥವನ್ನು ಕೊಡುತ್ತದೆ. ಬಯಲಾಟದ ರಾತ್ರಿ ‘ಇಂದು ಯಾವ ಪ್ರಸಂಗ?’ ಎಂದು ಕೇಳಿದರೆ ಅದು ಆಟದ ಕಥೆ. ‘ಸಭೆಯಲ್ಲಿ ಚೆನ್ನಾಗಿ ಪ್ರಸಂಗ ಮಾಡಿದರು’ ಎಂದು ಹಳಬರು ಹೇಳಿದರೆ ಅದು ಭಾಷಣ. ಎದುರುತ್ತರ ಕೊಡುವ ಹುಡುಗನನ್ನು ತಾಯಿ ‘ಅಧಿಕಪ್ರಸಂಗಿ’ ಎಂದು ಗದರಿಸಿದರೆ ಅದು ಬೈಗುಳ.

ಹೀಗೆ ಸಮಯ, ಕಥೆ, ಭಾಷಣ, ಬೈಗುಳ ಎಂಬ ನಾಲ್ಕು ದಿಕ್ಕಿಗೆ ಚೆದುರಿದಂತೆ ತೋರುವ ಈ ಶಬ್ದಕ್ಕೆ ಮೂಲದಲ್ಲಿ ಒಂದೇ ಅರ್ಥವಿದೆ. ಆ ಅರ್ಥವನ್ನು ತಿಳಿಯುವುದು ಬರಿಯ ವ್ಯಾಕರಣದ ಚರ್ಚೆಯಲ್ಲ. ‘ಚಂದಯ್ಯನವರ ಹಿಂದೆ ಲಿಂಗವು ನಿಜವಾಗಿಯೂ ನಡೆದು ಬಂದಿತೆ?’ ಎಂದು ಮನೆಯ ಮಗುವೊಂದು ಕೇಳಿದಾಗ ಹಿರಿಯರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ‘ಅಧಿಕಪ್ರಸಂಗ ಬೇಡ’ ಎಂದು ಬಾಯಿ ಮುಚ್ಚಿಸುತ್ತಾರೆ. ಕೆಲವರು ‘ಅದೆಲ್ಲ ಹಿಂದಿನವರ ಕಟ್ಟುಕಥೆ’ ಎಂದು ತಾವೇ ಕೈಬಿಡುತ್ತಾರೆ. ಮೊದಲನೆಯದರಿಂದ ಮಗುವಿನ ವಿಚಾರಶಕ್ತಿ ಕುಗ್ಗುತ್ತದೆ. ಎರಡನೆಯದರಿಂದ ಶರಣರ ನಡೆಯೇ ಮನೆಯಿಂದ ಹೊರಗೆ ಹೋಗುತ್ತದೆ. ಪ್ರಸಂಗವೆಂದರೇನೆಂಬುದನ್ನು ಅರಿತವರಿಗೆ ಈ ಎರಡೂ ಬೇಕಾಗುವುದಿಲ್ಲ.

ಶಬ್ದದ ಹುಟ್ಟು

‘ಪ್ರಸಂಗ’ವು ಸಂಸ್ಕೃತ ಶಬ್ದ. ‘ಷಂಜ ಸಂಗೇ’ ಎಂಬುದು ಧಾತುಪಾಠ. ಈ ಧಾತುವಿಗೆ ಅಂಟಿಕೊಳ್ಳು, ತಗುಲು, ಹತ್ತಿಕೊಳ್ಳು ಎಂದು ಅರ್ಥ. ಇದರಿಂದಲೇ ‘ಸಂಗ’, ‘ಆಸಕ್ತಿ’, ‘ಪ್ರಸಕ್ತ’, ‘ನಿಸ್ಸಂಗ’ ಎಂಬ ಶಬ್ದಗಳು ಹುಟ್ಟಿವೆ. ‘ಪ್ರ’ ಎಂಬ ಉಪಸರ್ಗ ಸೇರಿ ‘ಪ್ರಸಂಗ’ವಾದಾಗ ‘ಬಲವಾಗಿ ಅಂಟಿಕೊಂಡದ್ದು’, ‘ಒಂದನ್ನು ಹಿಡಿದು ಬಂದದ್ದು’ ಎಂಬ ಅರ್ಥವಾಗುತ್ತದೆ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ‘ಸಂಗಮ’ ಎಂಬ ಶಬ್ದವು ‘ಗಮ್’ ಎಂಬ ಬೇರೆ ಧಾತುವಿನಿಂದ ಬಂದಿದೆ. ಅದಕ್ಕೆ ಕೂಡಿ ಹರಿಯುವುದು, ಒಂದೆಡೆ ಸೇರುವುದು ಎಂದರ್ಥ. ಎರಡು ಹೊಳೆಗಳು ಸೇರಿದರೆ ಸಂಗಮ. ಬಳ್ಳಿಯು ಮರವನ್ನು ಹಬ್ಬಿಕೊಂಡರೆ ಸಂಗ. ಕಿವಿಗೆ ಇವು ಒಂದೇ ಎಂದು ಕೇಳಿದರೂ ಮೂಲ ಬೇರೆ.

ಈಗ ಮೇಲೆ ಹೇಳಿದ ನಾಲ್ಕು ಅರ್ಥಗಳನ್ನು ಮತ್ತೊಮ್ಮೆ ನೋಡಬಹುದು. ಒಂದು ಕಾರ್ಯಕ್ಕೆ ಅಂಟಿಕೊಂಡು ಬಂದ ಸಮಯವು ಪ್ರಸಂಗ. ಒಂದು ದೊಡ್ಡ ಕಥೆಗೆ ಅಂಟಿಕೊಂಡ ಘಟನೆಯು ಪ್ರಸಂಗ. ಹಿಡಿದ ವಿಷಯವನ್ನು ಬಿಡದೆ ಆಡುವ ಮಾತು ಪ್ರಸಂಗ. ವಿಷಯದ ಅಂಟು ತಪ್ಪಿ, ಅಳತೆ ಮೀರಿ ಆಡಿದ ಮಾತು ಅಧಿಕಪ್ರಸಂಗ. ನಾಲ್ಕು ಕಡೆಯೂ ಮಾತು ‘ಅಂಟಿ’ನದೇ ಆಗಿದೆ.

ಭಾಷಣವೆಂಬ ಅರ್ಥವು ದಕ್ಷಿಣದ ಭಾಷೆಗಳಲ್ಲಿ ಚೆನ್ನಾಗಿ ಬೇರೂರಿದೆ. ತಮಿಳಿನಲ್ಲಿ ಈ ಶಬ್ದಕ್ಕೆ ಉಪನ್ಯಾಸವೆಂಬುದೇ ಮುಖ್ಯಾರ್ಥ. ಕ್ರೈಸ್ತರ ಕನ್ನಡ ಬೈಬಲ್ಲಿನಲ್ಲಿ ಒಂದು ಪುಸ್ತಕದ ಹೆಸರೇ ‘ಪ್ರಸಂಗಿ’. ಸಭೆಗೆ ಬೋಧಿಸುವವನು ಎಂಬ ಭಾವದಿಂದ ಆ ಹೆಸರು ಬಂದಿದೆ. ಒಂದು ಕಡೆ ಬೋಧಕನಿಗೆ ಗೌರವದ ಹೆಸರಾದ ಶಬ್ದವು ‘ಅಧಿಕ’ವೆಂಬ ಮೂರಕ್ಷರ ಸೇರಿದೊಡನೆ ಹುಡುಗನಿಗೆ ಬೈಗುಳವಾಗುವುದು ವಿಚಿತ್ರವಾದರೂ ಅರ್ಥದ ದೃಷ್ಟಿಯಿಂದ ಸಹಜವೇ ಆಗಿದೆ.

ಶಾಸ್ತ್ರಗಳಲ್ಲಿ ಪ್ರಸಂಗ

ಶಾಸ್ತ್ರಕಾರರು ಈ ಶಬ್ದವನ್ನು ಎಚ್ಚರದಿಂದ ಬಳಸಿದ್ದಾರೆ. ತರ್ಕದಲ್ಲಿ, ಒಂದು ಮಾತನ್ನು ಒಪ್ಪಿದರೆ ಅದಕ್ಕೆ ಅಂಟಿಕೊಂಡು ಬಂದೇ ಬರುವ ಪರಿಣಾಮಕ್ಕೆ ಪ್ರಸಂಗವೆಂದು ಹೆಸರು. ಲಕ್ಷಣವು ತನ್ನ ಎಲ್ಲೆಯನ್ನು ಮೀರಿ ಬೇಡದ ವಸ್ತುವಿಗೂ ತಗುಲಿದರೆ ಅದು ‘ಅತಿಪ್ರಸಂಗ’. ಬೌದ್ಧರ ಮಾಧ್ಯಮಿಕ ಪಂಥದಲ್ಲಿ ಎದುರಾಳಿಯ ಮಾತಿನಿಂದಲೇ ಅವನಿಗೆ ಒಪ್ಪಿಗೆಯಾಗದ ಪರಿಣಾಮವನ್ನು ತೋರಿಸುವವರಿಗೆ ‘ಪ್ರಾಸಂಗಿಕ’ರೆಂದೇ ಹೆಸರಾಯಿತು; ಚಂದ್ರಕೀರ್ತಿಯು ಅವರಲ್ಲಿ ಪ್ರಸಿದ್ಧನು.

ಜೈಮಿನಿಯ ಪೂರ್ವಮೀಮಾಂಸೆಯಲ್ಲಿ ಹನ್ನೆರಡನೆಯ ಅಧ್ಯಾಯದ ವಿಷಯವೇ ಪ್ರಸಂಗ. ಒಂದರ ಸಲುವಾಗಿ ಮಾಡಿದ ಕ್ರಿಯೆಯು ಮತ್ತೊಂದಕ್ಕೂ ಉಪಕಾರವಾಗುವುದನ್ನು ಅಲ್ಲಿ ಪ್ರಸಂಗವೆನ್ನುತ್ತಾರೆ. ಉಪ್ಪರಿಗೆಯಲ್ಲಿ ಮನೆಯವರಿಗೆಂದು ಹಚ್ಚಿಟ್ಟ ದೀಪವು ಬೀದಿಯಲ್ಲಿ ಹೋಗುವವರಿಗೂ ಬೆಳಕು ಕೊಡುವುದು ಇದಕ್ಕೆ ದೃಷ್ಟಾಂತ. ಶರಣರ ಪ್ರಸಂಗಗಳನ್ನು ಓದುವವರು ಈ ದೀಪವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ನಾಟ್ಯಶಾಸ್ತ್ರಜ್ಞರ ವಿವೇಚನೆಯು ಕಥೆಗೆ ಇನ್ನೂ ಹತ್ತಿರವಾದುದು. ಹತ್ತನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ ಕಥಾವಸ್ತುವನ್ನು ‘ಆಧಿಕಾರಿಕ’ ಮತ್ತು ‘ಪ್ರಾಸಂಗಿಕ’ ಎಂದು ಎರಡಾಗಿ ವಿಂಗಡಿಸುತ್ತಾನೆ. ಫಲಕ್ಕೆ ಒಡೆಯನಾದವನ ಕಥೆಯು ಆಧಿಕಾರಿಕ. ಅದಕ್ಕೆ ನೆರವಾಗಿ ನಡುವೆ ಬರುವುದು ಪ್ರಾಸಂಗಿಕ. ಪ್ರಾಸಂಗಿಕದಲ್ಲಿ ಬಹುದೂರ ಸಾಗುವುದು ‘ಪತಾಕೆ’, ಸ್ವಲ್ಪದರಲ್ಲಿ ಮುಗಿಯುವುದು ‘ಪ್ರಕರಿ’. ರಾಮನ ಕಥೆಯಲ್ಲಿ ಸುಗ್ರೀವನ ವೃತ್ತಾಂತವು ಪತಾಕೆಯಾದರೆ ಶಬರಿಯ ವೃತ್ತಾಂತವು ಪ್ರಕರಿ. ಶಬರಿಯ ಕಥೆ ಎಷ್ಟೇ ಇಂಪಾಗಿದ್ದರೂ ರಾಮನ ಕಥೆಯ ಅಂಟು ಬಿಟ್ಟರೆ ಕಾಡಿನಲ್ಲಿ ಹಣ್ಣು ಕೂಡಿಟ್ಟ ಒಬ್ಬ ಮುದುಕಿಯ ಕಥೆ ಮಾತ್ರವಾಗಿ ಉಳಿಯುತ್ತದೆ.

ಹತ್ತಿರದ ಶಬ್ದಗಳು

ಕಥೆಯೊಳಗಿನ ನಡೆವಳಿಯನ್ನು ಹೇಳಲು ಕನ್ನಡದಲ್ಲಿ ಬೇರೆ ಶಬ್ದಗಳೂ ಉಂಟು. ನಡೆದುದಷ್ಟನ್ನೇ ಹೇಳುವುದು ‘ಘಟನೆ’. ನಡೆದುದನ್ನು ಕೊನೆಮುಟ್ಟ ತಿಳಿಸುವುದು ‘ವೃತ್ತಾಂತ’. ದೊಡ್ಡ ಕಥೆಯೊಳಗೆ ಹೇಳಿದ ಕಿರಿಯ ಕಥೆಯು ‘ಉಪಾಖ್ಯಾನ’. ‘ಸಂದರ್ಭ’ವು ಪೋಣಿಸು, ಕಟ್ಟು ಎಂಬ ಅರ್ಥದ ಧಾತುವಿನಿಂದ ಬಂದು ಹಿಂದುಮುಂದಿನ ಹೆಣಿಗೆಯನ್ನು ಸೂಚಿಸುತ್ತದೆ. ಲೋಕದ ರೂಢಿಯನ್ನು ಮೀರಿ ತೋರುವ ಮಹಿಮೆಯನ್ನು ಶಿವಕವಿಗಳು ‘ಪವಾಡ’ವೆಂದರು. ಒಂದೇ ನಡೆವಳಿಯು ನೋಡುವ ಕಣ್ಣಿಗೆ ತಕ್ಕಂತೆ ಘಟನೆಯೂ ಪವಾಡವೂ ಆಗಬಹುದು. ಅದು ಯಾವುದನ್ನು ಹಿಡಿದಿದೆಯೆಂದು ಕೇಳಿದಾಗ ಪ್ರಸಂಗವಾಗುತ್ತದೆ.

ಕಾವ್ಯಗಳ ವಿಭಾಗಕ್ಕೆ ಕವಿಗಳು ಬೇರೆ ಹೆಸರುಗಳನ್ನು ಇಟ್ಟಿದ್ದಾರೆ. ರಾಘವಾಂಕನು ತನ್ನ ಕಾವ್ಯವನ್ನು ‘ಸ್ಥಲ’ಗಳಾಗಿ ವಿಭಾಗಿಸಿದನು. 1369ರಲ್ಲಿ ಬಸವಪುರಾಣವನ್ನು ಕನ್ನಡದಲ್ಲಿ ಮುಗಿಸಿದ ಭೀಮಕವಿಯು ‘ಸಂಧಿ’ಗಳನ್ನು ಬಳಸಿದನು. ಚಾಮರಸನ ಪ್ರಭುಲಿಂಗಲೀಲೆಯು 25 ‘ಗತಿ’ಗಳಲ್ಲಿ ಸಾಗುತ್ತದೆ. ಶೂನ್ಯಸಂಪಾದನೆಯ ಅಧ್ಯಾಯಗಳಿಗೆ ‘ಸಂಪಾದನೆ’ಯೆಂಬ ಹೆಸರು ಸಂದಿದೆ. ಆದರೂ ಕೇಳುವ ಜನರು ಇವೆಲ್ಲವನ್ನೂ ‘ಪ್ರಸಂಗ’ವೆಂಬ ಒಂದೇ ಮಾತಿನಿಂದ ಕರೆದರು. ರಂಗದ ಮೇಲೂ ಹಾಗೆಯೇ. ಕರಾವಳಿಯ ಯಕ್ಷಗಾನದಲ್ಲಿ ಆಟದ ಪದ್ಯಗಳ ಪುಸ್ತಕಕ್ಕೆ ಪ್ರಸಂಗವೆಂದು ಹೆಸರು. ಕಾಸರಗೋಡಿನ ಕುಂಬಳೆಯ ಪಾರ್ತಿಸುಬ್ಬನು ರಾಮಾಯಣ ಪ್ರಸಂಗಗಳಿಂದ ಪ್ರಸಿದ್ಧನಾದನು. ಹಾಸನ, ತುಮಕೂರು, ಮಂಡ್ಯ ಸೀಮೆಗಳ ಮೂಡಲಪಾಯದಲ್ಲಿ ಕರಿಭಂಟನ ಕಾಳಗವು ಹೆಸರಾಂತ ಪ್ರಸಂಗವಾಗಿದೆ. ವೀರಗಾಸೆಯವರು ಒಡಪು ಹೇಳುತ್ತ ಕುಣಿಯುವಾಗ ದಕ್ಷಯಜ್ಞದ ಪ್ರಸಂಗವೇ ಕಣ್ಣಮುಂದೆ ಬರುತ್ತದೆ.

ಪ್ರಸಂಗವು ಅಂಟುವ ಎಡೆಗಳು

ಪ್ರಸಂಗವು ಅಂಟಿಕೊಂಡದ್ದು ಎಂದಾದರೆ ಯಾವುದಕ್ಕೆ ಅಂಟಿಕೊಳ್ಳುತ್ತದೆ? ಹಾಸನ ಜಿಲ್ಲೆಯ ನೆಲದಲ್ಲಿಯೇ ಇದಕ್ಕೆ ಉತ್ತರ ದೊರೆಯುತ್ತದೆ.

ಮೊದಲನೆಯದಾಗಿ, ಪ್ರಸಂಗವು ಸ್ಥಳಕ್ಕೆ ಅಂಟುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ತೀರದ ರಾಮೇಶ್ವರ ದೇವಾಲಯಕ್ಕೆ ಶ್ರೀರಾಮನು ಲಿಂಗವನ್ನು ಸ್ಥಾಪಿಸಿದ ಪ್ರಸಂಗವು ಅಂಟಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗುಳ್ಳಕಾಯಜ್ಜಿಯ ಪ್ರಸಂಗವುಂಟು. ಹತ್ತನೆಯ ಶತಮಾನದಲ್ಲಿ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಅದು ಮೂರ್ತಿಯ ಅಡಿಯವರೆಗೆ ಇಳಿಯಲಿಲ್ಲವಂತೆ. ಬಡ ಮುದುಕಿಯೊಬ್ಬಳು ಪುಟ್ಟ ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದ ಹಾಲು ಮೂರ್ತಿಯನ್ನೆಲ್ಲ ತೋಯಿಸಿ ಹರಿಯಿತಂತೆ. ಆ ಮುದುಕಿಯ ಶಿಲಾಮೂರ್ತಿಯು ಇಂದಿಗೂ ಅಲ್ಲಿದೆ. ಜೈನರ ಈ ಕಥೆಯನ್ನು ಆ ಸೀಮೆಯ ಎಲ್ಲ ಮತದವರೂ ಮಕ್ಕಳಿಗೆ ಹೇಳುತ್ತಾರೆ. ಹಾಲಿನ ಅಳತೆಯನ್ನು ಯಾರೂ ಕೇಳುವುದಿಲ್ಲ. ‘ನಾನು ಮಾಡಿಸಿದೆ’ನೆಂಬ ಹಮ್ಮು ಮಾಡಿದ ಕೆಲಸವನ್ನು ಅಪೂರ್ಣವಾಗಿಸುತ್ತದೆಂಬ ಮಾತಿಗೆ ಆ ಪ್ರಸಂಗವು ಅಂಟಿಕೊಂಡಿದೆಯೆಂಬುದು ಮಗುವಿಗೂ ತಿಳಿಯುತ್ತದೆ.

ಎರಡನೆಯದಾಗಿ, ಪ್ರಸಂಗವು ಹೆಸರಿಗೆ ಅಂಟುತ್ತದೆ. ಹೊಯ್ಸಳರ ರಾಜಧಾನಿಯಾದ ದೋರಸಮುದ್ರವು ಈಗಿನ ಹಳೇಬೀಡು, ಬೇಲೂರು ತಾಲ್ಲೂಕಿನಲ್ಲಿದೆ. ಅಲ್ಲಿ ನರಸಿಂಹ ಬಲ್ಲಾಳನ ಮಂತ್ರಿಯಾಗಿದ್ದ ಪದ್ಮರಸನು ದೀಕ್ಷಾಬೋಧೆಯನ್ನು ರಚಿಸಿದ ಶಿವಕವಿ. ವಾದದಲ್ಲಿ ಪರಮತದ ಪಂಡಿತನನ್ನು ಗೆದ್ದನೆಂಬ ಪ್ರಸಂಗವನ್ನು ಅವನ ವಂಶದ ಪದ್ಮಣಾಂಕನು ಪದ್ಮರಾಜಪುರಾಣದಲ್ಲಿ ವಿಸ್ತರಿಸಿದ್ದಾನೆ. ಬೇಲೂರಿನಲ್ಲಿ ಕೆರೆ ಕಟ್ಟಿಸಿದ ಪ್ರಸಂಗವೂ ಅವನಿಗೆ ಸಂದಿದೆ. ಇವೆರಡರಲ್ಲಿ ಜನರು ಅವನ ಹೆಸರಿಗೆ ಅಂಟಿಸಿದ್ದು ಯಾವುದನ್ನು? ಅವನು ‘ವಾದದ ಪದ್ಮರಸ’ನಾಗಲಿಲ್ಲ, ‘ಕೆರೆಯ ಪದ್ಮರಸ’ನಾದನು. ನೀರು ಕುಡಿದವರ ನಾಲಗೆಯ ಮೇಲೆ ನಿಂತ ಪ್ರಸಂಗವು ಅದೊಂದೇ.

ಮೂರನೆಯದಾಗಿ, ಪ್ರಸಂಗವು ನಡೆಗೆ ಅಂಟುತ್ತದೆ. ಮಹಾಕವಿ ಹರಿಹರನು ಇದೇ ದೋರಸಮುದ್ರದಲ್ಲಿ ಅರಸನ ಕರಣಿಕನಾಗಿದ್ದನೆಂದು ಪರಂಪರೆಯು ಹೇಳುತ್ತದೆ. ಒಂದು ದಿನ ಓಲಗದಲ್ಲಿ ಅವನು ಇದ್ದಕ್ಕಿದ್ದಂತೆ ಅಂಗೈಗಳನ್ನು ಉಜ್ಜಿಕೊಂಡನು. ಕಾರಣ ಕೇಳಿದಾಗ ಹಂಪೆಯ ವಿರೂಪಾಕ್ಷನ ಸನ್ನಿಧಿಯ ತೆರೆಗೆ ಹತ್ತಿದ ಕಿಚ್ಚನ್ನು ಆರಿಸಿದೆನೆಂದನು. ವಿಚಾರಿಸಲಾಗಿ ಅಲ್ಲಿ ಹಾಗೆಯೇ ನಡೆದಿತ್ತೆಂಬುದು ಕಥೆ. ಪವಾಡವನ್ನಷ್ಟೇ ಹಿಡಿದವನು ಹಳೇಬೀಡಿಗೂ ಹಂಪೆಗೂ ಎಷ್ಟು ಹರದಾರಿಯೆಂದು ಎಣಿಸುತ್ತಾನೆ. ಪ್ರಸಂಗವನ್ನು ಹಿಡಿದವನು ಮುಂದಿನ ಮಾತನ್ನು ನೋಡುತ್ತಾನೆ: ಹರಿಹರನು ಆ ಅಧಿಕಾರವನ್ನು ಬಿಟ್ಟು ಹಂಪೆಗೆ ಹೊರಟುಹೋದನು, ಅಲ್ಲಿ ಶರಣರ ಚರಿತೆಗಳನ್ನು ರಗಳೆಗಳಲ್ಲಿ ಹಾಡಿದನು. ಮನಸ್ಸು ಒಂದೆಡೆ, ಕೈ ಒಂದೆಡೆ ಇರುವ ಬಾಳು ನಡೆಯದೆಂದು ಅರಿತು ಎರಡನ್ನೂ ಒಂದುಗೂಡಿಸಿದ ನಡೆಗೆ ಆ ಕಿಚ್ಚು ಅಂಟಿಕೊಂಡಿದೆ. ಕಚೇರಿಯ ಲೆಕ್ಕವನ್ನು ಅರೆಬರೆ ಮಾಡಿ ‘ನನ್ನ ಮನಸ್ಸು ಶಿವನಲ್ಲಿತ್ತು’ ಎನ್ನುವವನು ಹರಿಹರನ ಪ್ರಸಂಗವನ್ನು ಹೇಳಿಕೊಂಡರೆ ಅದು ಅಧಿಕಪ್ರಸಂಗವೇ ಸರಿ. ಹರಿಹರನಾದರೋ ಸಂಬಳವನ್ನೂ ಬಿಟ್ಟನು.

ವಚನ ಮತ್ತು ಪ್ರಸಂಗ

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಪ್ರಸಂಗವು ವಚನಕ್ಕೆ ಅಂಟುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ನುಡಿದ ವಚನಗಳು ಬಿಡಿಬಿಡಿಯಾದ ನುಡಿಗಳು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಅವುಗಳನ್ನು ಆರಿಸಿ, ಅಲ್ಲಮಪ್ರಭುವನ್ನು ನಡುವೆ ಇರಿಸಿ, ಶರಣರು ಎದುರುಬದುರು ಮಾತನಾಡುವಂತೆ ಜೋಡಿಸಿ ಶೂನ್ಯಸಂಪಾದನೆಯನ್ನು ಕಟ್ಟಿದರು. ಆಮೇಲೆ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರ ಸಿದ್ಧವೀರಣೊಡೆಯರು ಅದನ್ನು ಬೇರೆ ಬೇರೆಯಾಗಿ ಪರಿಷ್ಕರಿಸಿದರು. ಆದುದರಿಂದ ಅಲ್ಲಿ ವಚನವು ಮೊದಲು, ಪ್ರಸಂಗವು ಆಮೇಲೆ. ಮುತ್ತು ಕಡಲಿನದು, ದಾರವು ಪೋಣಿಸಿದವರದು. ಇದನ್ನು ಒಪ್ಪಿಕೊಂಡರೆ ಸಂಪಾದನಕಾರರ ಗೌರವಕ್ಕೆ ಕುಂದಿಲ್ಲ. ಯಾವ ವಚನಕ್ಕೆ ಯಾವ ಪ್ರಸಂಗವು ಹೊಂದುತ್ತದೆಂದು ಅರಿಯಬೇಕಾದರೆ ವಚನದ ಒಳತಿರುಳನ್ನು ಕಂಡಿರಬೇಕು.

ಆಧುನಿಕ ಕಾಲದಲ್ಲಿ ದಾರವು ಮತ್ತೆ ಬಿಚ್ಚಿಕೊಂಡಿತು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಹೊರಬಂದಾಗ ವಚನಗಳು ವಿಷಯಾನುಸಾರವಾಗಿ ಓದುಗರ ಕೈ ಸೇರಿದವು. 1993ರಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ ಸಮಗ್ರ ವಚನ ಸಂಪುಟದ 15 ಸಂಪುಟಗಳಲ್ಲಿ ಅವು ಒಬ್ಬೊಬ್ಬ ವಚನಕಾರರ ಹೆಸರಿನಲ್ಲಿ ಒಟ್ಟಾಗಿವೆ. ಇದರಿಂದ ವಚನದ ಪಾಠವು ಶುದ್ಧವಾಯಿತು, ಅಧ್ಯಯನವು ಸುಲಭವಾಯಿತು. ಆದರೆ ಪ್ರಸಂಗವನ್ನು ಅರಿಯದೆ ಬಿಡಿ ವಚನವನ್ನು ಓದುವವನು, ಯಾರು ಯಾರಿಗೆ ಯಾವ ಇಕ್ಕಟ್ಟಿನಲ್ಲಿ ಹೇಳಿದಂತೆ ಹಿಂದಿನವರು ಅದನ್ನು ಕೇಳಿದರೆಂಬುದನ್ನು ಕಳೆದುಕೊಳ್ಳುತ್ತಾನೆ. ವಚನವನ್ನು ಅರಿಯದೆ ಪ್ರಸಂಗವನ್ನಷ್ಟೇ ಕೇಳುವವನು ಕಥೆಯೊಂದಿಗೆ ಮನೆಗೆ ಹೋಗುತ್ತಾನೆ. ನುಡಿಯು ಮಂಟಪದಲ್ಲಿಯೇ ಉಳಿಯುತ್ತದೆ.

ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ನೋಡಿರಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚಾಗಿ ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ನೋಡಿ, ಬೇಕಾದುದಕ್ಕಿಂತ ಹೆಚ್ಚಿನದು ಮನೆಗೆ ಸಲ್ಲದೆಂದು ಹಿಂದಕ್ಕೆ ಕಳುಹಿಸಿದರು. ಇಲ್ಲಿ ಪವಾಡವೇನೂ ಇಲ್ಲ. ಒಂದು ಮನೆ, ಒಂದು ಮೊರ, ಗಂಡಹೆಂಡಿರ ನಾಲ್ಕು ಮಾತು. ಆದರೂ ಎಂಟು ನೂರು ವರ್ಷಗಳಿಂದ ಅದು ಮರೆತುಹೋಗಿಲ್ಲ. ಆಸೆಯು ದಾಸೋಹದ ಹೆಸರಿನಲ್ಲಿಯೂ ಒಳಗೆ ಬರಬಹುದೆಂಬ ಎಚ್ಚರಕ್ಕೆ ಅದು ಅಂಟಿದೆ. ಲಕ್ಕಮ್ಮನವರು ಹೇಳಿದ್ದು ತಮ್ಮ ಪತಿಗೆ. ಮೀಮಾಂಸಕರ ದೀಪದಂತೆ ಅದರ ಬೆಳಕು ಬೀದಿಯಲ್ಲಿ ಹೋಗುವವರಿಗೂ ಬಿದ್ದಿದೆ. ತೂಕದಲ್ಲಿ ತಪ್ಪಿ ಹೆಚ್ಚು ಬಂದ ಸಾಮಾನನ್ನು ಅಂಗಡಿಗೆ ಹಿಂದಿರುಗಿಸುವ ಗೃಹಿಣಿಯ ಅಡಿಗೆಮನೆಯಲ್ಲಿ ಆ ದೀಪ ಇನ್ನೂ ಉರಿಯುತ್ತಿದೆ.

ಮಗುವಿನ ಪ್ರಶ್ನೆಗೆ ಉತ್ತರ

ನುಲಿಯ ಚಂದಯ್ಯನವರ ಪ್ರಸಂಗದಲ್ಲಿ ಪವಾಡವುಂಟು. ಹಗ್ಗ ಹೊಸೆಯಲು ಹುಲ್ಲು ಕೊಯ್ಯುತ್ತಿರುವಾಗ ಅವರ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಅವರು ಅದನ್ನು ಎತ್ತಿಕೊಳ್ಳದೆ ಕಾಯಕವನ್ನು ಮುಂದುವರಿಸಿದರು. ಲಿಂಗವೇ ಹಿಂದೆ ಬಂದಿತು. ಮಡಿವಾಳ ಮಾಚಯ್ಯನವರು ನಡುವೆ ನಿಂತು ಲಿಂಗದ ಪರವಾಗಿ ನುಡಿದರು. ‘ಇದು ನಡೆಯಿತೆ?’ ಎಂದು ಮಗು ಕೇಳಿದರೆ, ಆ ಪ್ರಶ್ನೆಯನ್ನು ತಡೆಯಬೇಕಾಗಿಲ್ಲ. ‘ಇದು ಪ್ರಸಂಗ, ಯಾವುದಕ್ಕೆ ಅಂಟಿದೆ, ಹುಡುಕೋಣ ಬಾ’ ಎಂದು ಹೇಳಬೇಕು. ಕಾಯಕದಿಂದ ಯಾರಿಗೂ ಬಿಡುಗಡೆಯಿಲ್ಲ, ಪೂಜೆಗೊಳ್ಳುವ ದೇವರಿಗೂ ಇಲ್ಲವೆಂಬ ನಿಷ್ಠುರವಾದ ಮಾತಿಗೆ ಆ ಕಥೆ ಅಂಟಿದೆ. ಆ ಮಾತನ್ನು ಬರಿದೇ ಹೇಳಿದ್ದರೆ ಪಂಡಿತರು ವಾದಿಸಿ ಮರೆಯುತ್ತಿದ್ದರು. ಹಗ್ಗ ಹೊಸೆಯುವವನ ಹಿಂದೆ ದೇವರು ನಡೆದು ಬಂದನೆಂದು ಹೇಳಿದುದರಿಂದ ಹಗ್ಗ ಹೊಸೆಯುವವನು ತಲೆಯೆತ್ತಿ ನಡೆದನು. ಅದು ಮಾತ್ರ ನಿಶ್ಚಯವಾಗಿ ನಡೆದುದು.

ಪ್ರವಚನವನ್ನು ಕೇಳುವ ಸದ್ಭಕ್ತರು ಮೂರು ಪ್ರಶ್ನೆಗಳನ್ನು ರೂಢಿಸಿಕೊಳ್ಳುವುದು ಒಳ್ಳೆಯದು. ಈ ಪ್ರಸಂಗದಲ್ಲಿ ಯಾರು ಯಾರಿಗೆ ಹೇಳಿದರು? ಇದು ಯಾವ ವಚನವನ್ನು ಹಿಡಿದು ಬಂದಿದೆ? ಇದು ಮನೆಯ ಯಾವ ನಡೆಗೆ ತಗುಲಬೇಕು? ಮೊದಲನೆಯದನ್ನು ಪ್ರವಚನಕಾರರೇ ಹೇಳುತ್ತಾರೆ. ಎರಡನೆಯದಕ್ಕೆ ವಚನದ ಪುಸ್ತಕವನ್ನು ತೆರೆಯಬೇಕು. ಮೂರನೆಯದನ್ನು ಮನೆಗೆ ಬಂದು ದೀಪ ಹಚ್ಚಿದ ಮೇಲೆ ಮಕ್ಕಳೊಡನೆ ಕುಳಿತು ವಿಚಾರಿಸಬೇಕು. ಮೂರಕ್ಕೂ ಉತ್ತರ ದೊರೆತಾಗ ಕೇಳಿದ ಕಥೆಯು ಪ್ರಸಂಗವಾಗುತ್ತದೆ. ಶರಣರ ನಡೆಯು ಕೇಳಿದವರ ನಡೆಗೆ ಅಂಟುತ್ತದೆ. ‘ಸಂಗ’ವೆಂಬ ಶಬ್ದಕ್ಕೆ ಧಾತುವು ಕೊಟ್ಟ ಅರ್ಥವೂ ಇದೇ ಆಗಿದೆ.